ಆಂಜಿಯೋಗ್ರಾಂ ಕೈಗೆ ಬಂತು, ಎಕೋ ಬರಲಿಲ್ಲ: ಮೈಸೂರಿನ ಹೃದ್ರೋಗ ಆಸ್ಪತ್ರೆಯೊಂದರ ದಾಖಲೆ ಸೇವೆ

ಪಾಂಡವಪುರದ ನಮ್ಮ ದೊಡ್ಡಪ್ಪನವರಿಗೆ ಮೈಸೂರಿನ ಖಾಸಗಿ ಹೃದ್ರೋಗ ಆಸ್ಪತ್ರೆಯೊಂದರಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್) ಮತ್ತು ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಎಕ್ಸ್‌ರೇ ದೃಶ್ಯ) ಎರಡೂ ಆದವು. ಚಿಕಿತ್ಸೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಸ್ಟೆಂಟ್ ಸಾಕೋ, ಬೈಪಾಸ್ ಆಗಲೇಬೇಕೋ ಎಂದು ಬೆಂಗಳೂರಿನ ಮತ್ತೊಬ್ಬ ತಜ್ಞರನ್ನು ಕೇಳಬೇಕಾಗಿದ್ದರಿಂದ ಪರೀಕ್ಷೆಯ ಮೂಲ ಚಿತ್ರಗಳು ನಮಗೆ ಬೇಕಾದವು; ಅವನ್ನು ಆಸ್ಪತ್ರೆ ಹೇಗೆ ಇಟ್ಟುಕೊಂಡಿದೆ, ಕೇಳಿದವರಿಗೆ ಹೇಗೆ ಕೊಡುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಆಂಜಿಯೋಗ್ರಾಂ ಮಟ್ಟಿಗೆ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಡಿಸ್‌ಚಾರ್ಜ್ ಸಮ್ಮರಿಯ ಜೊತೆಗೇ ಹೆಸರು, ಆಸ್ಪತ್ರೆಯ ಸಂಖ್ಯೆ, ತಾರೀಖು ಅಚ್ಚಾದ ಸಿಡಿ ಕೊಟ್ಟರು. ಅದರಲ್ಲಿ ಡೈಕಾಮ್ ಮಾದರಿಯ ಕಡತಗಳೂ ಅವನ್ನು ತೆರೆಯುವ ತಂತ್ರಾಂಶವೂ ಇದ್ದವು. ಯಾವ ಕಂಪನಿಯ ಯಂತ್ರದಲ್ಲಿ ತೆಗೆದ ಚಿತ್ರವಾದರೂ ಬೇರೆ ಆಸ್ಪತ್ರೆಯಲ್ಲಿ ತೆರೆಯುವಂತಿರಬೇಕೆಂದು 1985ರಲ್ಲಿ ಅಮೆರಿಕದಲ್ಲಿ ಮೊದಲ ರೂಪ ಪಡೆದು, 1993ರಲ್ಲಿ ಈ ಹೆಸರಿಗೆ ಬಂದ ಮಾನದಂಡವಿದು. ವರದಿಯಲ್ಲಿ ‘ಶೇ 70 ಅಡಚಣೆ’ ಎಂದಿರುವುದು ಬಹುತೇಕ ಒಬ್ಬ ವೈದ್ಯರ ಕಣ್ಣಂದಾಜು. ಎರಡನೆಯ ವೈದ್ಯರು ರಕ್ತನಾಳದಲ್ಲಿ ಬಣ್ಣದ ದ್ರವ ಹರಿಯುವುದನ್ನು ತಾವೇ ನೋಡಿದರೆ ಮಾತ್ರ ಅಭಿಪ್ರಾಯಕ್ಕೆ ಬೆಲೆ. ಅಗಲ, ಎತ್ತರ ಎರಡಕ್ಕೂ 512 ಬಿಂದುಗಳಿರುವ ಎಂಟು ಬಿಟ್‌ನ ಒಂದು ಫ್ರೇಮ್ ಕಾಲು ಎಂಬಿ ತೂಗುತ್ತದೆ. ಸೆಕೆಂಡಿಗೆ 15 ಫ್ರೇಮ್‌ಗಳಂತೆ ಐದು ಸೆಕೆಂಡಿನ ಒಂದೇ ದೃಶ್ಯ, ಕುಗ್ಗಿಸದಿದ್ದರೆ, ಸುಮಾರು 19 ಎಂಬಿ ಆಗುತ್ತದೆ. ಇಂಥ ಹಲವು ದೃಶ್ಯಗಳನ್ನು ವಾಟ್ಸಾಪ್‌ನಲ್ಲಿ ವಿಡಿಯೋ ಮಾಡಿ ಕಳಿಸಿದರೆ ಸಣ್ಣ ಕವಲುಗಳೆಲ್ಲ ಮಸುಕಾಗಿಬಿಡುತ್ತವೆ.

ಆದರೆ ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ನಮ್ಮ ಪೆನ್‌ಡ್ರೈವ್ ಕೊಟ್ಟರೆ ವೈರಸ್ ಭಯದಿಂದ ಮುಟ್ಟಲಿಲ್ಲ, ಅದು ನ್ಯಾಯವೇ. ಬದಲಿಗೆ ಮೊಬೈಲಿಗೆ ಲಿಂಕ್ ಕಳಿಸಿದರು. ಓಟಿಪಿ ಹಾಕಿದರೆ ಚಿತ್ರಗಳು ಚೆನ್ನಾಗಿಯೇ ತೆರೆದುಕೊಳ್ಳುತ್ತವೆ, ಆದರೆ ಮೂಲ ಕಡತ ಇಳಿಸಿಕೊಳ್ಳಲು ಬಿಡುವುದಿಲ್ಲ, ವಾರ ಕಳೆದರೆ ಲಿಂಕ್ ಸತ್ತುಹೋಗುತ್ತದೆ. ಬೆಂಗಳೂರಿನಲ್ಲಿ ತಜ್ಞರ ಸಮಯ ಸಿಗುವುದೇ ವಾರದ ಮೇಲೆ.

ನಿಜವಾದ ಬೇಸರ ಎಕೋ ವಿಷಯದ್ದು. ಕೈಗೆ ಬಂದದ್ದು ಒಂದು ಹಾಳೆ ವರದಿ ಮತ್ತು ಅದಕ್ಕೆ ಪಿನ್ ಹೊಡೆದ, ನುಣುಪು ಕಾಗದದ ಮೇಲಿನ ಎರಡು ನಿಶ್ಚಲ ಚಿತ್ರಗಳು. ಬಡಿಯುವ ಹೃದಯದ ಪರೀಕ್ಷೆಗೆ ನಿಂತ ಚಿತ್ರ ಯಾವ ಸಾಕ್ಷಿ? ಕ್ಲಿಪ್‌ಗಳನ್ನು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು, “ಎಕೋದು ಮಷೀನಲ್ಲೇ ಇರುತ್ತೆ ಸರ್, ಪ್ಯಾಕ್ಸ್‌ಗೆ ಬರಲ್ಲ. ಡಿಸ್ಕ್ ತುಂಬಿದ್ರೆ ಹಳೇದು ಅಳಿಸ್ತೀವಿ” ಎಂದರು, ಸಂಕೋಚವಿಲ್ಲದೆ. ಪ್ಯಾಕ್ಸ್ ಎಂದರೆ ಪರೀಕ್ಷೆಯ ಚಿತ್ರಗಳನ್ನೆಲ್ಲ ಕೂಡಿಡುವ ಆಸ್ಪತ್ರೆಯ ಕಂಪ್ಯೂಟರ್ ಸಂಗ್ರಹ. ಎಕೋ ಯಂತ್ರಗಳಿಂದ ಕ್ಲಿಪ್‌ಗಳನ್ನು ಡೈಕಾಮ್ ರೂಪದಲ್ಲಿ ಹೊರಗೆ ಕಳಿಸಲು ಬರುತ್ತದೆ. ಹಾಗೆ ಉಳಿಸಿದರೆ ಅಳತೆಯ ಮಾಪಕವೂ ಜೊತೆಗಿರುತ್ತದೆ, ಹೃದಯದ ಪಂಪಿಂಗ್ ಶೇಕಡಾ ಎಷ್ಟೆಂದು ಮತ್ತೊಬ್ಬರು ಮತ್ತೆ ಅಳೆದು ನೋಡಬಹುದು. ಇಲ್ಲದ್ದಕ್ಕೆ ಬೆಂಗಳೂರಿನಲ್ಲಿ ದೊಡ್ಡಪ್ಪನವರಿಗೆ ಇನ್ನೊಮ್ಮೆ ಎಕೋ ಮಾಡಿಸಿದೆವು, ಇನ್ನೊಮ್ಮೆ ಹಣ ಕಟ್ಟಿದೆವು.

ರೋಗಿ ಕೇಳಿದ ದಾಖಲೆಯನ್ನು 72 ಗಂಟೆಗಳೊಳಗೆ ಕೊಡಬೇಕು, ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಿಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಸಿಡಿಯ ವಿಷಯದಲ್ಲಿ ಈ ಆಸ್ಪತ್ರೆ ಅದಕ್ಕಿಂತ ಚುರುಕು. ಎಕೋ ಕೊಠಡಿಯವರಿಗೆ ಅದನ್ನು ಯಾರೂ ಓದಿ ಹೇಳಿದಂತಿಲ್ಲ. ನೋಂದಣಿಯಲ್ಲಿ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯಾದ ಆಭಾದ 14 ಅಂಕಿಗಳ ಸಂಖ್ಯೆ ಬರೆದುಕೊಂಡರು, ಅದರ ಆ್ಯಪ್‌ಗೆ ಬಂದು ಸೇರಿದ್ದು ಡಿಸ್‌ಚಾರ್ಜ್ ಸಮ್ಮರಿ ಮಾತ್ರ.

ಐದರಲ್ಲಿ ಮೂರು ಅಂಕ, ಅವು ಮೂರೂ ಆಂಜಿಯೋಗ್ರಾಂ ಮಾಡುವ ಕ್ಯಾಥ್‌ಲ್ಯಾಬಿಗೆ ಸೇರಬೇಕು. ಈ ಆಸ್ಪತ್ರೆಗೆ ಹೋಗುವವರು ಎಕೋ ಮೇಜಿನ ಮೇಲೆ ಮಲಗುವ ಮುನ್ನವೇ ಕ್ಲಿಪ್‌ಗಳನ್ನು ಉಳಿಸಿಕೊಡುವಂತೆ ಕೇಳಿ, ಮತ್ತು ಸಿಡಿಯನ್ನು ಕೌಂಟರಿನ ಕಂಪ್ಯೂಟರಿನಲ್ಲೇ ಒಮ್ಮೆ ತೆರೆಸಿ ನೋಡಿ ತೆಗೆದುಕೊಳ್ಳಿ. ಕೇಳಿದರೆ ಇಲ್ಲ ಎನ್ನುವುದಿಲ್ಲ.