ಪಹೋಲ್: ನಿಮ್ಮ ಕ್ಲಾಸ್ ಒಳಗಿನ ತೂತು ತೋರಿಸುವ ಟೂಲ್

ಸಿ++ ಬರೆಯುವವರು, ಅದರಲ್ಲೂ ಲಕ್ಷಗಟ್ಟಲೆ ಆಬ್ಜೆಕ್ಟ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಕೆಲಸ ಮಾಡುವವರು, ಪಹೋಲ್ ಅನ್ನು ಒಮ್ಮೆಯಾದರೂ ಓಡಿಸಿ ನೋಡಲೇಬೇಕು. ಕ್ಲಾಸ್‌ನ ಮೆಂಬರ್‌ಗಳ (ಅದರೊಳಗಿಡುವ ಒಂದೊಂದು ಡೇಟಾ) ನಡುವೆ ಖಾಲಿ ಉಳಿಯುವ ಬೈಟ್‌ಗಳನ್ನು, ಅಂದರೆ ತೂತುಗಳನ್ನು, ಇದು ಪಟ್ಟಿ ಮಾಡಿ ತೋರಿಸುತ್ತದೆ. ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಟೀಮ್ ಇದನ್ನು ತುಂಬಾ ಬಳಸುತ್ತದೆ, ನನಗಂತೂ ಇದಿಲ್ಲದೆ ಆಗಲ್ಲ. ದುಡ್ಡು ಕೊಡಬೇಕಿಲ್ಲ. ಬ್ರೆಜಿಲ್‌ನ ಲಿನಕ್ಸ್ ಕರ್ನಲ್ ಡೆವಲಪರ್ ಅರ್ನಾಲ್ಡೊ ಕಾರ್ವಾಲೊ ಡಿ ಮೆಲೊ ಬರೆದದ್ದು. ಈಗ ಕರ್ನಲ್ ಬಿಲ್ಡ್‌ನಲ್ಲೇ ಇದರ ಬಳಕೆ ಇರುವುದರಿಂದ ಅರ್ಧಕ್ಕೆ ನಿಂತುಹೋಗುವ ಭಯವೂ ಇಲ್ಲ.

ನಮ್ಮ ಟೀಮ್‌ಗೆ ಹೊಸದಾಗಿ ಸೇರಿದ ಬೆಳಗಾವಿ ಹುಡುಗನೊಬ್ಬ ಕೇಳಿದ: "ಅಣ್ಣಾ, ನಾ ಎಣಿಸಿದ್ರ 23 ಬೈಟ್ ಆಗ್ತೈತಿ, ಸೈಜ್‌ಆಫ್ 48 ಅಂತ ತೋರಸಾಕತ್ತೈತಿ. ಉಳಿದದ್ದು ಎಲ್ಲಿ ಹೋತು?" ಒಳ್ಳೆ ಪ್ರಶ್ನೆ ಅಲ್ವಾ? (ಸೈಜ್‌ಆಫ್ ಅಂದರೆ ಒಂದು ಆಬ್ಜೆಕ್ಟ್ ಮೆಮೊರಿಯಲ್ಲಿ ಎಷ್ಟು ಬೈಟ್ ಹಿಡಿಯುತ್ತದೆ ಅಂತ ಹೇಳುವ ಸಿ++ ಆಪರೇಟರ್.) ಅವನ ಕ್ಲಾಸ್‌ನಲ್ಲಿ ಒಂದು ವರ್ಚುವಲ್ ಡಿಸ್ಟ್ರಕ್ಟರ್ ಇತ್ತು. ಆಮೇಲೆ ಈ ಸಾಲಿನಲ್ಲಿ ಬೂಲ್, ಡಬಲ್, ಕ್ಯಾರ್, ಇಂಟ್, ಇನ್ನೊಂದು ಬೂಲ್, ಕೊನೆಗೆ ಲಾಂಗ್. 64 ಬಿಟ್ ಲಿನಕ್ಸ್, ಜಿಸಿಸಿ ಕಂಪೈಲರ್. ಅಲ್ಲಿ ಬೂಲ್, ಕ್ಯಾರ್ ಒಂದೊಂದು ಬೈಟ್, ಇಂಟ್ 4, ಡಬಲ್, ಲಾಂಗ್ ಎಂಟೆಂಟು.

ಬಾಯಲ್ಲಿ ವಿವರಿಸುವ ಬದಲು ಪಹೋಲ್ ಓಡಿಸಿದೆವು. ಡೀಬಗ್ ಮಾಹಿತಿ ಸೇರಿಸುವ -ಜಿ ಹಾಕಿ ಕಂಪೈಲ್ ಮಾಡಿದ ಫೈಲ್ ಕೊಟ್ಟು, ದೊಡ್ಡ ಸಿ ಆಪ್ಷನ್ ಜೊತೆ ಕ್ಲಾಸ್ ಹೆಸರು ಹೇಳಿದರೆ ಸಾಕು. ಪ್ರೋಗ್ರಾಮ್ ಓಡಬೇಕಿಲ್ಲ, ಸೋರ್ಸ್ ಕೋಡ್ ಕೂಡ ಬೇಡ, ಆ ಫೈಲ್ ಒಳಗಿನ, ಡ್ವಾರ್ಫ್ ಅನ್ನೋ ರೂಪದ ಡೀಬಗ್ ಮಾಹಿತಿಯನ್ನಷ್ಟೇ ಓದುತ್ತದೆ. ಪ್ರತಿ ಮೆಂಬರ್ ಎದುರು ಅದು ಶುರುವಾಗುವ ಜಾಗ ಮತ್ತು ಅದರ ಸೈಜ್ ಬರುತ್ತದೆ. ಮೊದಲ 8 ಬೈಟ್, ವರ್ಚುವಲ್ ಡಿಸ್ಟ್ರಕ್ಟರ್ ಇದ್ದದ್ದರಿಂದ ಕಂಪೈಲರ್ ತಾನೇ ಸೇರಿಸಿದ ವಿಟೇಬಲ್ ಪಾಯಿಂಟರ್ (ವರ್ಚುವಲ್ ಫಂಕ್ಷನ್‌ಗಳ ಪಟ್ಟಿ ಎಲ್ಲಿದೆ ಅಂತ ಹೇಳುವ ವಿಳಾಸ). ಅವನು ಎಣಿಸದೇ ಬಿಟ್ಟಿದ್ದು ಇದನ್ನೇ. ಬೂಲ್ 8ರಲ್ಲಿ ಕೂತಿತ್ತು, ಡಬಲ್ ನೇರ 16ಕ್ಕೆ ಹೋಗಿತ್ತು, ನಡುವೆ 7 ಬೈಟ್ ಖಾಲಿ. ಕ್ಯಾರ್ 24ರಲ್ಲಿ, ಇಂಟ್ 28ರಲ್ಲಿ, ಅಲ್ಲಿ 3 ಖಾಲಿ. ಎರಡನೇ ಬೂಲ್ 32ರಲ್ಲಿ, ಲಾಂಗ್ 40ರಲ್ಲಿ, ಮತ್ತೆ 7 ಖಾಲಿ. ಕೊನೆಗೆ ಲೆಕ್ಕ: ಮೆಂಬರ್‌ಗಳು 31 ಬೈಟ್, ತೂತು ಮೂರು, ತೂತುಗಳ ಮೊತ್ತ 17. ನನಗೆ ಈ ಟೂಲ್‌ನಲ್ಲಿ ಅತಿ ಇಷ್ಟವಾಗುವುದೇ ಇದು, ಕಾಣದೇ ಇದ್ದದ್ದನ್ನು ಸಾಲುಸಾಲಾಗಿ ಕಣ್ಣೆದುರು ಇಡುತ್ತದೆ.

ಕಂಪೈಲರ್ ಸುಮ್ನೆ ಜಾಗ ಹಾಳು ಮಾಡುತ್ತಿಲ್ಲ. 8 ಬೈಟ್‌ನ ಡಬಲ್ 8ರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕು ಅನ್ನುವುದು ಈ ಪ್ಲಾಟ್‌ಫಾರ್ಮ್‌ನ ನಿಯಮ. ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ಕಾರಿನ ಗೆರೆಯೊಳಗೆ ಒಂದು ಸ್ಕೂಟರ್ ನಿಲ್ಲಿಸಿದರೆ ಮುಂದಿನ ಕಾರು ಮುಂದಿನ ಗೆರೆಯಿಂದಲೇ ಶುರುವಾಗಬೇಕಲ್ಲ, ಹಾಗೆ. ಸ್ಕೂಟರ್‌ಗಳನ್ನೆಲ್ಲ ಕೊನೆಯಲ್ಲಿ ಒಟ್ಟಿಗೆ ನಿಲ್ಲಿಸಿದರೆ ಜಾಗ ಉಳಿಯುತ್ತದೆ. ನಾವೂ ಅದನ್ನೇ ಮಾಡಿದೆವು. ಡಬಲ್, ಲಾಂಗ್, ಇಂಟ್, ಆಮೇಲೆ ಒಂದೊಂದು ಬೈಟ್‌ನ ಮೂರು. ಸೈಜ್ 48ರಿಂದ 32ಕ್ಕೆ ಇಳಿಯಿತು, ಕೊನೆಯಲ್ಲಿ ಒಂದೇ ಬೈಟ್ ಖಾಲಿ. ಆ ಒಂದು ಬೈಟ್ ಇರಲೇಬೇಕು, ಇಲ್ಲದಿದ್ದರೆ ಅರೇಯಲ್ಲಿ ಎರಡನೇ ಆಬ್ಜೆಕ್ಟ್ ಸರಿಯಾದ ವಿಳಾಸದಲ್ಲಿ ಕೂರುವುದಿಲ್ಲ.

ಹತ್ತು ಲಕ್ಷ ಆಬ್ಜೆಕ್ಟ್‌ಗೆ 1.6 ಕೋಟಿ ಬೈಟ್ ಉಳಿತಾಯ. ಅದಕ್ಕಿಂತ ದೊಡ್ಡ ಲಾಭ ಕ್ಯಾಶ್‌ನದ್ದು. ಪ್ರೊಸೆಸರ್ ಮೆಮೊರಿಯಿಂದ ಕ್ಯಾಶ್‌ಗೆ ಒಮ್ಮೆಗೆ ಎತ್ತಿಕೊಳ್ಳುವ ತುಂಡು, ಅಂದರೆ ಕ್ಯಾಶ್ ಲೈನ್, ಸಾಮಾನ್ಯವಾಗಿ 64 ಬೈಟ್ ತಾನೇ, 48 ಬೈಟ್‌ನ ಆಬ್ಜೆಕ್ಟ್‌ಗಳನ್ನು ಅರೇಯಲ್ಲಿ ಸಾಲಾಗಿ ಇಟ್ಟರೆ, ಮೊದಲನೆಯದು ಲೈನ್‌ನ ಆರಂಭದಲ್ಲೇ ಇದ್ದರೂ, ಅರ್ಧದಷ್ಟು ಆಬ್ಜೆಕ್ಟ್‌ಗಳು ಎರಡೆರಡು ಲೈನ್‌ಗೆ ಹರಡಿಕೊಳ್ಳುತ್ತವೆ. ಅದೇ ಥರ ಲೈನ್‌ನ ಆರಂಭದಿಂದ ಇಟ್ಟು 32 ಆದರೆ ಒಂದು ಲೈನ್‌ಗೆ ಎರಡು, ಯಾವುದೂ ಗೆರೆ ದಾಟಲ್ಲ.

ಹಾಗಾದರೆ ಕಂಪೈಲರ್ ತಾನೇ ಯಾಕೆ ಸಾಲು ಬದಲಿಸಲ್ಲ? ರಸ್ಟ್ ಕಂಪೈಲರ್‌ಗೆ ಆ ಸ್ವಾತಂತ್ರ್ಯ ಇದೆ, ಬಳಸಿಕೊಳ್ಳುತ್ತದೆ ಕೂಡ. ಸಿ ಭಾಷೆಯಲ್ಲಿ ಬರೆದ ಕ್ರಮವೇ ಕ್ರಮ. ಸಿ++ನಲ್ಲಿ ಪಬ್ಲಿಕ್, ಪ್ರೈವೇಟ್ ಬೇರೆಬೇರೆ ಇದ್ದರೆ ಸ್ವಲ್ಪ ಸಡಿಲಿಕೆ ಇತ್ತು, ಸಿ++23 ಅದನ್ನೂ ತೆಗೆದುಹಾಕಿತು. ಅಂದರೆ ಈ ಕೆಲಸ ಬರೆಯುವವರ ಹೆಗಲಿಗೇ ಬರುತ್ತದೆ.

ರೀಆರ್ಗನೈಸ್ ಅನ್ನೋ ಆಪ್ಷನ್ ಹೊಸ ಜೋಡಣೆಯನ್ನು ಸೂಚಿಸುತ್ತದೆ. ನಾನು ಅದನ್ನು ಸಲಹೆ ಅಂತಷ್ಟೇ ನೋಡುತ್ತೇನೆ. ಸಿ++ನಲ್ಲಿ ಮೆಂಬರ್‌ಗಳು ಘೋಷಿಸಿದ ಕ್ರಮದಲ್ಲೇ ಇನಿಶಿಯಲೈಸ್ ಆಗುತ್ತವೆ. ಒಂದು ಮೆಂಬರ್‌ನ ಆರಂಭದ ಬೆಲೆ ಇನ್ನೊಂದನ್ನು ನಂಬಿಕೊಂಡಿದ್ದರೆ, ಜಾಗ ಉಳಿಸಲು ಹೋಗಿ ಬಗ್ ತಂದುಕೊಳ್ಳುತ್ತೀರಿ. ಆಬ್ಜೆಕ್ಟ್ ಅನ್ನು ಹಾಗೇ ಫೈಲ್‌ಗೆ ಬರೆಯುತ್ತಿದ್ದರೆ, ಬೇರೆಯವರು ಕಂಪೈಲ್ ಮಾಡಿದ ಲೈಬ್ರರಿ ಜೊತೆ ಹಂಚಿಕೊಳ್ಳುತ್ತಿದ್ದರೆ, ಕೈ ಹಾಕಲೇಬೇಡಿ. ಇನ್ನು ಕೆಲವು ತೂತು ಬೇಕೆಂದೇ ಇಟ್ಟದ್ದು. ಎರಡು ಥ್ರೆಡ್‌ಗಳು ಬರೆಯುವ ಎರಡು ಕೌಂಟರ್ ಒಂದೇ ಕ್ಯಾಶ್ ಲೈನ್‌ಗೆ ಬಾರದಿರಲಿ ಅಂತ 64ರಿಂದ ಭಾಗವಾಗುವ ವಿಳಾಸದಲ್ಲೇ ಕೂರಿಸುವ ಅಲೈನಾಸ್ 64 ಹಾಕಿರುತ್ತಾರೆ. ಪಹೋಲ್‌ಗೆ ಅದೂ ತೂತೇ.

ಖಾಲಿ ಜಾಗ ಬಿಡದೆ ಒತ್ತೊತ್ತಾಗಿ ಕೂರಿಸು ಅಂತ ಕಂಪೈಲರ್‌ಗೆ ಹೇಳುವ ಪ್ರಾಗ್ಮಾ ಪ್ಯಾಕ್ ಹಾಕಿ ತೂತು ಮುಚ್ಚಿಬಿಡೋಣ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ನೆಟ್‌ವರ್ಕ್ ಪ್ಯಾಕೆಟ್‌ನಂಥ ಕಡೆ ಸರಿ. ಬೇರೆ ಕಡೆ, ಅಲೈನ್ ಆಗದ (ತನಗೆ ಬೇಕಾದ ವಿಳಾಸದಲ್ಲಿ ಕೂರದ) ಮೆಂಬರ್‌ಗೆ ಪಾಯಿಂಟರ್ ತೆಗೆದುಕೊಂಡು ಬಳಸಿದರೆ ಏನಾಗುತ್ತದೆ ಅನ್ನುವುದಕ್ಕೆ ಭಾಷೆಯಲ್ಲಿ ಯಾವ ಗ್ಯಾರಂಟಿಯೂ ಇಲ್ಲ.

ಕೊರತೆಗಳೂ ಇವೆ. ಇದು ಮೂಲತಃ ಸಿ ಸ್ಟ್ರಕ್ಟ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಟೂಲ್. ಟೆಂಪ್ಲೇಟ್ ಜಾಸ್ತಿ ಇರುವ ಸಿ++ ಕೋಡ್ ಕೊಟ್ಟರೆ ಹೆಸರುಗಳು ಮೈಲುದ್ದ ಬರುತ್ತವೆ, ಬೇಕಾದ ಕ್ಲಾಸ್ ಹುಡುಕುವುದೇ ಒಂದು ಕೆಲಸ. ದೊಡ್ಡ ಬೈನರಿಗೆ ಕಾಯಬೇಕು. ಹೊಸಬರು ಔಟ್‌ಪುಟ್ ನೋಡಿ ಹೆದರುತ್ತಾರೆ, ಯಾರಾದರೂ ಪಕ್ಕದಲ್ಲಿ ಕೂತು ಮೊದಲ ಸಲ ಓದಿ ತೋರಿಸಿದರೆ ಒಳ್ಳೆಯದು.

ಫೆಡೋರಾ ಲಿನಕ್ಸ್‌ನಲ್ಲಿ ಡ್ವಾರ್ವ್ಸ್ ಅನ್ನೋ ಪ್ಯಾಕೇಜ್ ಒಳಗೆ ಸಿಗುತ್ತದೆ, ಹೊಸ ಡೆಬಿಯನ್‌ನಲ್ಲಿ ಪಹೋಲ್ ಅಂತಲೇ ಇದೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಕಂಪೈಲರ್ ಬಳಸುವವರಿಗೆ ಇದರ ಉತ್ತರ ಹೊಂದುವುದಿಲ್ಲ, ಅಲ್ಲಿನ ನಿಯಮವೇ ಬೇರೆ. ವರ್ಚುವಲ್ ಫಂಕ್ಷನ್ ಮತ್ತು ಒಂದು ಇಂಟ್ ಇರುವ ಬೇಸ್ ಕ್ಲಾಸ್‌ಗೆ ಡಿರೈವ್ಡ್ ಕ್ಲಾಸ್ ಇನ್ನೊಂದು ಇಂಟ್ ಸೇರಿಸಿದರೆ, 64 ಬಿಟ್‌ನಲ್ಲಿ ಜಿಸಿಸಿ ಅದನ್ನು ಬೇಸ್‌ನ ಕೊನೆಯ ಖಾಲಿ ಜಾಗದಲ್ಲೇ ಕೂರಿಸಿ 16 ಬೈಟ್‌ನಲ್ಲಿ ಮುಗಿಸುತ್ತದೆ, ಮೈಕ್ರೋಸಾಫ್ಟ್‌ನದ್ದು 24 ತೆಗೆದುಕೊಳ್ಳುತ್ತದೆ. ಅಲ್ಲಿ ಡಿ1ರಿಪೋರ್ಟ್‌ಸಿಂಗಲ್‌ಕ್ಲಾಸ್‌ಲೇಔಟ್ ಅನ್ನೋ ಫ್ಲ್ಯಾಗ್‌ಗೆ ಕ್ಲಾಸ್ ಹೆಸರು ಅಂಟಿಸಿ ಕಂಪೈಲ್ ಮಾಡಿ, ಇದೇ ಥರದ ಪಟ್ಟಿ ಬರುತ್ತದೆ.