ಅಗ್ಗದ ಅಕ್ಕಿ ಡಿಡಿಜಿಎಸ್ ತಗೊಂಡು ಹಸು ಕಳಕೊಂಡೆ, ನೀವು ಮೋಸ ಹೋಗಬೇಡಿ

ಅಕ್ಕಿ ಡಿಡಿಜಿಎಸ್ (ಎಥನಾಲ್ ಫ್ಯಾಕ್ಟರಿಯಿಂದ ಬರೋ ದನದ ಹಿಂಡಿ) ಕೆಜಿಗೆ 24 ರೂಪಾಯಿ, ಮನೆ ಬಾಗಿಲಿಗೇ ತಂದು ಇಳಿಸ್ತೀವಿ, ಲ್ಯಾಬ್ ರಿಪೋರ್ಟ್ ಇದೆ ಅಂತ ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ಇದನ್ನು ಓದಿ ಆಮೇಲೆ ಹೂಂ ಅನ್ನಿ. ನಾನು ಹಿಂದೆ ಮುಂದೆ ನೋಡದೆ ಹೂಂ ಅಂದೆ. ಕೆಂಪಿ ಹೋದಳು. ಗೌರಿ ಉಳಿದಿದ್ದಾಳೆ, ಆದರೆ ಹೊತ್ತಿಗೆ ಹತ್ತು ಲೀಟರ್ ಕೊಡುತ್ತಿದ್ದವಳು ಈಗ ನಾಲ್ಕಕ್ಕೆ ಬಂದಿದ್ದಾಳೆ.

ಬರೆಯೋಕೆ ನಾಚಿಕೆ ಆಗುತ್ತಿದೆ. ಊರಲ್ಲಿ ನಾಲ್ಕು ಮನೆಗೆ "ತಗೊಳ್ಳಿ, ಚೆನ್ನಾಗಿದೆ" ಅಂತ ಹೇಳಿದವನೂ ನಾನೇ. ಡಿಗ್ರಿ ಓದಿದ್ದೀನಿ, ಫೋನಲ್ಲಿ ಎಲ್ಲ ನೋಡ್ತೀನಿ ಅಂತ ನನ್ನ ಮಾತು ನಂಬಿದರು.

ನಮ್ಮದು ತುರುವೇಕೆರೆ ಕಡೆ. ಎರಡು ಸೀಮೆ ಹಸು ಹಾಲು ಕೊಡುತ್ತಿದ್ದವು, ಒಂದು ಬತ್ತಿಸಿದ್ದು, ಒಂದು ಕಡಸು. ಹಿಂಡಿ ಬೂಸಾದ ರೇಟು ನಿಮಗೇ ಗೊತ್ತಲ್ಲ. ಕಡ್ಲೆಕಾಯಿ ಹಿಂಡಿ ಕೆಜಿಗೆ ಐವತ್ತು ದಾಟಿದ ಮೇಲೆ ನಾನು ಅದರ ಕಡೆ ತಿರುಗಿ ನೋಡೋದನ್ನೇ ಬಿಟ್ಟಿದ್ದೆ. ಬದಲಿಗೆ ಏನು ಹಾಕಬಹುದು ಅಂತ ಹುಡುಕುತ್ತಿದ್ದೆ. ಅಜೋಲಾ (ನೀರಿನ ಮೇಲೆ ಬೆಳೆಯೋ ಮೇವು) ಮಾಡಿ ನೋಡಿದೆ, ಬೇಸಿಗೆಯಲ್ಲಿ ತೊಟ್ಟಿ ಪೂರ್ತಿ ಕೊಳೆಯಿತು. ಬಿಯರ್ ಫ್ಯಾಕ್ಟರಿಯ ಬಾರ್ಲಿ ಗಸಿ ವಿಚಾರಿಸಿದೆ. ಅದರಲ್ಲಿ ಮುಕ್ಕಾಲು ಪಾಲು ನೀರೇ, ಅಷ್ಟು ದೂರದಿಂದ ನೀರು ಹೊತ್ತು ತರೋದು ಯಾಕೆ ಅಂತ ಬಿಟ್ಟೆ.

ಆಗ ಈ ಡಿಡಿಜಿಎಸ್ ಮಾರುವವನು ಸಿಕ್ಕ.

ಒಂದು ಮಾತು ಹೇಳಿಬಿಡುತ್ತೇನೆ, ಡಿಡಿಜಿಎಸ್ ಕೆಟ್ಟದ್ದಲ್ಲ. ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ಅಕ್ಕಿ, ಮೆಕ್ಕೆಜೋಳದಿಂದ ಮಾಡುತ್ತಾರೆ. ಪಿಷ್ಟವೆಲ್ಲ ಎಥನಾಲ್ ಆಗಿ ಹೋದ ಮೇಲೆ ಉಳಿಯುವ ಗಸಿಯನ್ನು ಒಣಗಿಸಿದರೆ ಅದೇ ಡಿಡಿಜಿಎಸ್. ಪಿಷ್ಟ ಹೋಗಿರೋದರಿಂದ ಪ್ರೋಟೀನ್ ಜಾಸ್ತಿ ಇರುತ್ತೆ. ಮೆಕ್ಕೆಜೋಳದ್ದರಲ್ಲಿ ನೂರಕ್ಕೆ 28-30, ಅಕ್ಕಿಯದರಲ್ಲಿ 45ರ ಆಸುಪಾಸು. ಎಥನಾಲ್ ಫ್ಯಾಕ್ಟರಿಗಳು ಜಾಸ್ತಿ ಆದ ಮೇಲೆ ಈ ಮಾಲು ಮಾರ್ಕೆಟ್ಟಿನಲ್ಲಿ ತುಂಬಿಕೊಂಡಿದೆ. ಹಾಗಾಗಿ ಅಗ್ಗಕ್ಕೆ ಸಿಗುತ್ತೆ ಅಂದಾಗ ಅನುಮಾನ ಬರಲಿಲ್ಲ.

"ಅಣ್ಣಾ, ಬಾಯಲ್ಲಿ ಹೇಳಿದ್ದನ್ನ ನಂಬಬೇಡಿ, ರಿಪೋರ್ಟ್ ನೋಡಿ" ಅಂದ. ಫೋಟೋ ಕಳಿಸಿದ. ಪ್ರೋಟೀನ್ 45.2. ಸೀಲು, ಸಹಿ ಎಲ್ಲ ಇತ್ತು. ನಾನು ಆ ಫೋಟೋನ ಊರಿನವರಿಗೆಲ್ಲ ತೋರಿಸಿದೆ. ಇಪ್ಪತ್ತು ಮೂಟೆ ಬಂತು. ನಾನು ಎಂಟು, ಉಳಿದದ್ದು ನಾಲ್ಕು ಮನೆಯವರು. 24,000 ಪೂರ್ತಿ ನನ್ನ ಫೋನಿಂದಲೇ ಹಾಕಿದೆ. ದುಡ್ಡು ಹೋದದ್ದು ಬೇರೆ ಯಾವುದೋ ಹೆಸರಿಗೆ. "ನಮ್ಮ ಭಾವನ ಅಕೌಂಟು ಅಣ್ಣಾ" ಅಂದ. ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ ಈ ರೇಟಿಗೆ ಬರಲ್ಲ." ನಾವೆಲ್ಲ ಹೀಗೇ ಅಲ್ವಾ ತಗೊಳ್ಳೋದು? ಸುಮ್ಮನಾದೆ.

ಮೂಟೆ ಬಿಚ್ಚಿದ ದಿನವೇ ನನ್ನ ಹೆಂಡತಿ ಹೇಳಿದಳು, "ರೀ, ಇದೇನು ಮೂತ್ರದ ವಾಸನೆ ಹೊಡೀತಿದೆ." ಅವನಿಗೆ ಫೋನ್ ಮಾಡಿದೆ. "ಫ್ಯಾಕ್ಟರೀಲಿ ಹುಳಿ ಬರಿಸಿರ್ತಾರಲ್ಲ ಅಣ್ಣಾ, ಅದರ ವಾಸನೆ. ಹಸು ತಿನ್ನುತ್ತೆ ನೋಡಿ, ಬಿಡಲ್ಲ." ನಾನು ಹೆಂಡತಿಗೆ ಅದನ್ನೇ ತಿರುಗಿಸಿ ಹೇಳಿದೆ, ನನಗೇ ಗೊತ್ತಿದ್ದವನ ಹಾಗೆ.

ಮೊದಲು ಅರ್ಧ ಕೆಜಿ ಹಾಕಿದೆ. ಏನೂ ಆಗಲಿಲ್ಲ. ಹೋಗ್ತಾ ಹೋಗ್ತಾ ಒಂದು ಕೆಜಿ, ಆಮೇಲೆ ಎರಡು. ಮೂರನೇ ಮೂಟೆ ತಳಕ್ಕೆ ಬಂದಾಗ ಹಿಂಡಿ ಹೆಂಟೆ ಕಟ್ಟಿತ್ತು. ಒಡೆದರೆ ಒಳಗೆ ಬಿಳಿ ಕಾಳು. ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ಕೈ ಒದ್ದೆ ಇತ್ತು. ಕಾಳು ಕರಗುತ್ತಾ ಅಂಗೈ ತಣ್ಣಗಾಯಿತು.

ಇಲ್ಲಿ ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತೆ. ಪ್ರತಿ ವರ್ಷ ರಾಗಿಗೆ ಮೇಲುಗೊಬ್ಬರ ಎರಚುವ ಕೈ ಇದು. ನೀರು ತಾಗಿದರೆ ತಣ್ಣಗಾಗುವ ಬಿಳಿ ಕಾಳು ಯಾವುದು ಅಂತ ಈ ಕೈಗೆ ಗೊತ್ತಿಲ್ವಾ? ಗೊತ್ತಿತ್ತು. ಆದರೂ ಅವನಿಗೆ ಫೋಟೋ ಕಳಿಸಿ ಕೇಳಿದೆ. "ಉಪ್ಪು, ಮಿನರಲ್ಲು ಅಣ್ಣಾ. ಅದಕ್ಕೇ ಹಾಲು ಜಾಸ್ತಿ ಬರೋದು." ಆಯ್ತು ಅಂದುಕೊಂಡು ಹೆಂಟೆ ಒಡೆದು ರಾತ್ರಿ ಬಕೆಟ್ಟಿನಲ್ಲಿ ನೆನೆ ಹಾಕಿದೆ.

ಬೆಳಿಗ್ಗೆ ಮೇಲಿನ ನೀರನ್ನು ಕಲಗಚ್ಚಿಗೆ ಬಗ್ಗಿಸಿದೆ. ಕೆಂಪಿ ಯಾವಾಗಲೂ ಆಸೆಬುರುಕಿ, ಒಂದೇ ಉಸಿರಿಗೆ ಕುಡಿದಳು. ಗೌರಿಗೆ ಉಳಿದ ಚರಟ. ಹಾಲು ಡೇರಿಗೆ ಹಾಕಿ ಬರೋಕೆ ಅರ್ಧ ಗಂಟೆ. ವಾಪಸ್ ಬಂದಾಗ ಕೆಂಪಿ ಬಾಯಿಂದ ನೊರೆ ಸುರಿಯುತ್ತಿತ್ತು. ಮೈಯೆಲ್ಲ ನಡುಕ. ಎಡಗಡೆ ಹೊಟ್ಟೆ ಉಬ್ಬಿ ಡೋಲಿನ ಹಾಗಾಗಿತ್ತು. ಒಂದು ಸಲ ಅರಚಿದಳು, ಆ ತರ ಅರಚಿದ್ದನ್ನ ನಾನು ಕೇಳಿರಲಿಲ್ಲ. ಮುಂಗಾಲು ಮಡಚಿ ಬಿದ್ದಳು.

ಡಾಕ್ಟ್ರಿಗೆ ಫೋನ್ ಮಾಡಿದರೆ ಅವರು ಕೇಳಿದ ಮೊದಲ ಮಾತು, "ಯೂರಿಯಾ ಏನಾದ್ರೂ ತಿಂತಾ?" ಇಲ್ಲ ಸಾರ್ ಅಂದೆ. ಅಂದ ತಕ್ಷಣ ಬಾಯಿ ಒಣಗಿಹೋಯಿತು. "ವಿನೆಗರ್ ಹುಡುಕಿ, ತಣ್ಣೀರು ರೆಡಿ ಮಾಡ್ಕೊಳಿ, ಬಿದ್ದಿರೋ ಹಸುವಿಗೆ ಗೊಟ್ಟ ಹಾಕ್ಬೇಡಿ, ಶ್ವಾಸಕ್ಕೆ ಹೋಗುತ್ತೆ, ಬಂದೆ" ಅಂದರು. ನಮ್ಮೂರಲ್ಲಿ ವಿನೆಗರ್ ಎಲ್ಲಿ? ಗೋಬಿ ಮಂಚೂರಿ ಗಾಡಿಯವನನ್ನು ಎಬ್ಬಿಸಿ ಕ್ಯಾನ್ ಇಸಕೊಂಡು ಬಂದೆ. ಗೌರಿ ಇನ್ನೂ ನಿಂತಿದ್ದಳು, ಡಾಕ್ಟ್ರು ಟ್ಯೂಬ್ ಇಳಿಸಿ ತಣ್ಣೀರು, ವಿನೆಗರ್ ಹಾಕಿದರು. ಬದುಕಿದಳು. ಕೆಂಪಿಗೂ ಹಾಕಿದರು. ಆಗಲೇ ತಡವಾಗಿತ್ತು.

ಪೋಸ್ಟ್‌ಮಾರ್ಟಮ್‌ನಲ್ಲಿ ಹೊಟ್ಟೆ ಕೊಯ್ದಾಗ ಬಂದ ವಾಸನೆ ಮೂಟೆ ಬಿಚ್ಚಿದ ದಿನದ್ದೇ, ನೂರು ಪಟ್ಟು. ಕಣ್ಣು ಉರಿಯಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆಮೇಲೆ ಅವನಿಗೆ ಫೋನ್. ಅವನ ಉತ್ತರಗಳು ಇವು, ಒಂದಾದ ಮೇಲೆ ಒಂದು. "ಹಾವು ಕಚ್ಚಿರಬೇಕು ಅಣ್ಣಾ." "ನೀವು ಜಾಸ್ತಿ ಹಾಕಿರ್ತೀರ." "ನೆನೆ ಹಾಕಿ ಅಂತ ನಾನು ಹೇಳಿದ್ನಾ?" "ಬೇರೆ ಯಾರದ್ದೂ ಸತ್ತಿಲ್ವಲ್ಲ." ಕೊನೆಗೆ, "ನಮ್ಮ ಮಾಲೇ ಅನ್ನೋಕೆ ಬಿಲ್ ಇದೆಯಾ?" ಬಿಲ್ ಕೊಡದವನೇ ಬಿಲ್ ಕೇಳುತ್ತಾನೆ! ರಿಪೋರ್ಟ್ ಸುಳ್ಳು ಅಂದೆ. ನಕ್ಕ. "ರಿಪೋರ್ಟ್ ಸುಳ್ಳಾಗಿದ್ರೆ ನೀವೇ ಟೆಸ್ಟ್ ಮಾಡಿಸಿ. 45 ಬರಲಿಲ್ಲ ಅಂದ್ರೆ ದುಡ್ಡು ವಾಪಸ್."

ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಡಾಕ್ಟ್ರು ಲೆಕ್ಕ ಹಾಕಿ ತೋರಿಸಿದರು. ಲ್ಯಾಬಿನಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ನೋಡಿ ಅದನ್ನು 6.25ರಿಂದ ಗುಣಿಸುತ್ತಾರೆ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಅಂದರೆ ಒಂದು ಕೆಜಿ ಯೂರಿಯಾ ಬೆರೆಸಿದರೆ ರಿಪೋರ್ಟಿನಲ್ಲಿ ಎರಡೂಮುಕ್ಕಾಲು ಕೆಜಿಗಿಂತ ಜಾಸ್ತಿ ಪ್ರೋಟೀನ್ ಅಂತ ತೋರಿಸುತ್ತೆ! ಪ್ರೋಟೀನ್ ಬರೀ 15 ಇರೋ ಎಣ್ಣೆ ತೆಗೆದ ತೌಡು 89 ಕೆಜಿ, ಯೂರಿಯಾ 11 ಕೆಜಿ. ಕೂಡಿಸಿ ನೋಡಿ, 45 ಬರುತ್ತೆ. ಸರ್ಕಾರದ ಸಬ್ಸಿಡಿ ಯೂರಿಯಾ 45 ಕೆಜಿ ಮೂಟೆಗೆ 266 ರೂಪಾಯಿ 50 ಪೈಸೆ. ಕೆಜಿಗೆ ಆರು ರೂಪಾಯಿಯೂ ಬೀಳದ್ದನ್ನ ನನಗೆ 24ಕ್ಕೆ ಮಾರಿದ. ಎಷ್ಟು ಬೆರೆಸಿದ್ದನೋ ಅವನಿಗೇ ಗೊತ್ತು. ರಿಪೋರ್ಟ್ ಮಾತ್ರ ನಿಜ. ಅದೇ ನನಗೆ ಇವತ್ತಿಗೂ ಉರಿಯುವುದು.

ಯೂರಿಯಾ ತಿನ್ನಿಸಲೇಬಾರದು ಅಂತಲ್ಲ. ಹುಲ್ಲಿಗೆ ಯೂರಿಯಾ ಉಪಚಾರ ನಾನೇ ಮಾಡಿದ್ದೀನಿ. ನೂರು ಕೆಜಿ ಹುಲ್ಲಿಗೆ ನಾಲ್ಕು ಕೆಜಿ, ನೀರಲ್ಲಿ ಕರಗಿಸಿ ಚಿಮುಕಿಸಿ, 21 ದಿನ ಗಾಳಿ ಆಡದ ಹಾಗೆ ಮುಚ್ಚಿಡಬೇಕು. ಅದು ಹದ. ಯೂರಿಯಾ ಸ್ವಲ್ಪ ಸ್ವಲ್ಪವಾಗಿ ಬಂದರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. ಒಂದೇ ಸಲ ಬಂದರೆ ಅದು ಅಮೋನಿಯಾ ಆಗಿ ರಕ್ತಕ್ಕೆ ನುಗ್ಗುತ್ತೆ. ನಾನು ನೆನೆ ಹಾಕಿ, ಕರಗಿಸಿ, ನೀರನ್ನು ಮಾತ್ರ ಬಗ್ಗಿಸಿ ಕೊಟ್ಟೆ. ವಿಷವನ್ನು ಸೋಸಿ ಕೊಟ್ಟ ಹಾಗಾಯಿತು.

ವಿಮೆ? ಕೆಂಪಿ ಕಿವಿಯಲ್ಲಿ ವಿಮೆಯ ಓಲೆ (ನಂಬರ್ ಬಿಲ್ಲೆ) ಇತ್ತು, ವಿಮೆಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅದನ್ನು ಬಿಡಿ.

ನೀವು ಇಷ್ಟು ಮಾಡಿ. ಒಂದು ಹಿಡಿ ಹಿಂಡಿಯನ್ನು ಎರಡು ಲೋಟದಲ್ಲಿ ನೆನೆಸಿ. ಒಂದಕ್ಕೆ ಮಾತ್ರ ಹುರಿಯದ ಸೋಯಾಬೀನ್ ಪುಡಿ ಒಂದು ಚಮಚ ಹಾಕಿ. ಎರಡನ್ನೂ ಮುಚ್ಚಿ ಬಿಸಿಲಲ್ಲಿಟ್ಟು ಅರ್ಧ ಗಂಟೆ ಬಿಟ್ಟು ಮೂಸಿ. ಸೋಯಾ ಹಾಕಿದ್ದು ಮೂಗಿಗೆ ಚುರ್ ಅಂದರೆ ಯೂರಿಯಾ ಇದೆ ಅಂತ, ಮೂಟೆ ವಾಪಸ್ ಕಳಿಸಿ. ಡಾಕ್ಟ್ರು ನಮ್ಮ ಜಗಲಿ ಮೇಲೆ ಮಾಡಿ ತೋರಿಸಿದ್ದು ಇದೇ. ರಿಪೋರ್ಟ್ ಕೊಟ್ಟರೆ ಪ್ರೋಟೀನ್ ಒಂದೇ ನೋಡಬೇಡಿ, ಯೂರಿಯಾ ಎಷ್ಟು ಅಂತ ಬೇರೆ ಸಾಲು ಇದೆಯಾ ನೋಡಿ. ಬಿಲ್ ಇಲ್ಲದೆ ಬೇಡವೇ ಬೇಡ, ಎರಡು ರೂಪಾಯಿ ಜಾಸ್ತಿ ಆದರೂ. ಪಶು ಆಂಬುಲೆನ್ಸಿನ 1962 ನಂಬರ್ ಫೋನಲ್ಲಿ ಇಟ್ಟುಕೊಳ್ಳಿ. ಹೆಂಡತಿ ವಾಸನೆ ಅಂದರೆ ವಾಸನೆಯೇ.

ನಾಲ್ಕು ಮನೆಯವರ ಮೂಟೆ ಅವತ್ತೇ ಓಡಿಹೋಗಿ ವಾಪಸ್ ತಂದೆ. ಅವರ ದುಡ್ಡು ಇನ್ನೂ ಪೂರ್ತಿ ಕೊಟ್ಟಿಲ್ಲ, ಕೊಡ್ತೀನಿ. ಕಳೆದ ವಾರ ಬೇರೆ ನಂಬರಿಂದ ನನಗೇ ಮೆಸೇಜ್ ಬಂತು, ಅದೇ ರಿಪೋರ್ಟ್, ಅದೇ 45.2, ರೇಟು ಮಾತ್ರ 22. ಮೂಟೆಗಳು ಹಿತ್ತಲ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದೀನಿ. ನಮ್ಮ ಕಡೆಯವರು ಯಾರಿಗಾದರೂ ನನ್ನ ಮಾತಲ್ಲಿ ಅನುಮಾನ ಇದ್ದರೆ ಒಂದು ಹಿಡಿ ಸೋಯಾಬೀನ್ ತಗೊಂಡು ಬನ್ನಿ, ಲೋಟ ನಾನು ಕೊಡ್ತೀನಿ.