ನಲ್ಲಿಯ ಹನಿ ನಿಂತಿತು, ನೀರು ಗೋಡೆಯೊಳಗೆ ಇಳಿಯಿತು

ಹಿತ್ತಲಲ್ಲೋ ಕಾಂಪೌಂಡ್ ಪಕ್ಕದಲ್ಲೋ ಗಿಡಕ್ಕೆ ನೀರು ಬಿಡುವ ನಲ್ಲಿ ಇದ್ದು, ಮನೆ ಕಟ್ಟಿ ಇಪ್ಪತ್ತೈದು ಮೂವತ್ತು ವರ್ಷ ಆಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ತೊಟ್ಟಿಕ್ಕುತ್ತಿದ್ದ ಒಂದು ನಲ್ಲಿಯಿಂದ ಶುರುವಾದದ್ದು ನಮ್ಮ ಮನೆಯಲ್ಲಿ ಅಮ್ಮನಿಗೆ ಗೋಡೆಯಿಂದ ಕರೆಂಟ್ ಹೊಡೆಯುವವರೆಗೆ ಹೋಯಿತು. ಅಮ್ಮ ಈಗ ಆರಾಮಾಗಿದ್ದಾರೆ. ಆದರೆ ಆ ಬೆಳಗಿನ ಜಾವ ನೆನಪಾದರೆ ನನ್ನ ಕೈಕಾಲು ಇನ್ನೂ ತಣ್ಣಗಾಗುತ್ತದೆ.

ನಮ್ಮದು ಮೈಸೂರು ಕುವೆಂಪುನಗರದಲ್ಲಿ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ. ಆ ಕಾಲದ ಎಷ್ಟೋ ಮನೆಗಳ ಹಾಗೆ ಗೋಡೆಯೊಳಗೆ, ನೆಲದೊಳಗೆ ಜಿಐ ಪೈಪು, ಅಂದರೆ ಸತು ಲೇಪದ ಕಬ್ಬಿಣದ ಪೈಪು. ಅಡುಗೆಮನೆಯದೂ ಬಚ್ಚಲದೂ ಎಷ್ಟೋ ವರ್ಷದ ಹಿಂದೆಯೇ ಬದಲಾದವು. ಹಿತ್ತಲಿನ ಲೈನ್ ಮಾತ್ರ ಹಾಗೇ ಉಳಿಯಿತು. ಗಿಡಕ್ಕೆ ತಾನೇ ಅನ್ನುವ ತಾತ್ಸಾರ. ಮಲ್ಲಿಗೆ ಬಳ್ಳಿ, ಎರಡು ದಾಸವಾಳ, ಒಂದು ಕರಿಬೇವಿನ ಗಿಡ, ಇವಿಷ್ಟಕ್ಕೆ ನೀರುಣಿಸುವ ಅರ್ಧ ಇಂಚಿನ ಹಿತ್ತಾಳೆ ನಲ್ಲಿ ಅದು. ಆ ಗೋಡೆಯ ಆಚೆ ಬದಿಗೆ ಅಮ್ಮ ಮಲಗುವ ಕೋಣೆ.

ಹೋದ ವರ್ಷ ಸಂಕ್ರಾಂತಿ ಹೊತ್ತಿಗೆ ನಲ್ಲಿ ತೊಟ್ಟಿಕ್ಕಲು ಶುರುವಾಯಿತು. ಎಷ್ಟು ಬಿಗಿ ಮಾಡಿದರೂ ಬಾಯಿಂದ ಹನಿ. ಒಂದು ಲೀಟರ್ ಚೊಂಬು ಇಟ್ಟು ನೋಡಿದೆ, ನಲವತ್ತು ನಿಮಿಷಕ್ಕೆ ತುಂಬಿತು. ಅಂದರೆ ದಿನಕ್ಕೆ 36 ಲೀಟರ್, ತಿಂಗಳಿಗೆ ಸಾವಿರ ಲೀಟರ್ ಮೇಲೆ. ಹೊಟ್ಟೆ ಉರಿಯಿತು. ಹನಿ ಬೀಳುವ ಜಾಗದಲ್ಲಿ ಅಂಗೈಯಗಲ ಗುಂಡಿ ಬಿದ್ದು ನೀರು ನಿಂತಿತ್ತು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಅದಕ್ಕೇ ತಡ ಮಾಡದೆ ಪ್ಲಂಬರ್‌ನನ್ನು ಕರೆಸಿದೆ.

ಬಂದ ಹುಡುಗ ನಲ್ಲಿ ತಿರುಗಿಸಿ ನೋಡಿ, "ಹಳೇ ನಲ್ಲಿ ಅಕ್ಕಾ, ವಾಷರ್ ಹಾಕಿದ್ರೂ ನಿಲ್ಲಲ್ಲ, ಹೊಸದೇ ಹಾಕ್ಬಿಡೋಣ" ಅಂದ. ನಾನು ಹೂಂ ಅಂದೆ. ಹಳೆಯದು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಪೈಪ್ ರೆಂಚ್ ಹಾಕಿ, ಅದರ ಹಿಡಿಗೆ ಇನ್ನೊಂದು ಪೈಪಿನ ತುಂಡು ತೂರಿಸಿ, ಕಾಲನ್ನು ಗೋಡೆಗೆ ಕೊಟ್ಟು ಎಳೆದ. ಒಳಗೆಲ್ಲೋ 'ಟಕ್' ಅಂತ ಶಬ್ದವಾಯಿತು. ನನಗೆ ಚೆನ್ನಾಗಿ ಕೇಳಿಸಿತು. "ಏನದು?" ಅಂದದ್ದಕ್ಕೆ "ತುಕ್ಕು ಬಿಟ್ಕೊಂಡ್ತು" ಅಂದ. ಹೊಸ ನಲ್ಲಿಯ ಥ್ರೆಡ್‌ಗೆ ಟೆಫ್ಲಾನ್ ಟೇಪನ್ನು ದಪ್ಪಗೆ, ಗಾಯಕ್ಕೆ ಪಟ್ಟಿ ಸುತ್ತಿದ ಹಾಗೆ ಸುತ್ತಿ, ಮತ್ತೆ ಅದೇ ಬಲ ಹಾಕಿ ಕೂರಿಸಿದ. ಸುತ್ತ ಬಿಳಿ ಸಿಮೆಂಟು ಬಳಿದ. ಹನಿ ನಿಂತಿತು. 550 ರೂಪಾಯಿ ಕೊಟ್ಟು ಕಳಿಸಿದೆ.

ಆ 'ಟಕ್' ಏನೆಂದು ತಿಳಿಯಲು ನಮಗೆ ಮೂರು ತಿಂಗಳು ಬೇಕಾಯಿತು. ಜಿಐ ಪೈಪು ಮೊದಲು ಹಾಳಾಗುವುದೇ ಥ್ರೆಡ್ ಇರುವ ಕಡೆ. ಥ್ರೆಡ್ ಕೊರೆಯುವಾಗ ಸತುವಿನ ಲೇಪ ಹೋಗುತ್ತದೆ, ಲೋಹವೂ ಅಲ್ಲೇ ತೆಳ್ಳಗಾಗುತ್ತದೆ. ಮೂವತ್ತು ವರ್ಷ ನೀರಲ್ಲಿ ನೆಂದ ಮೇಲೆ ಅದು ಬಿಸ್ಕತ್ತಿನಂತಾಗಿರುತ್ತದೆ. ನಲ್ಲಿಯ ಹಿಂದಿನ ಎಲ್ಬೊವನ್ನು (ಪೈಪು ತಿರುಗುವ ಕಡೆ ಹಾಕುವ ಮೊಣಕೈಯಂಥ ಜೋಡಣೆ) ಇನ್ನೊಂದು ರೆಂಚಿನಿಂದ ಹಿಡಿದುಕೊಳ್ಳದೆ ನಲ್ಲಿಯನ್ನು ತಿರುಚಿದರೆ ಆ ಬಲವೆಲ್ಲ ಗೋಡೆಯೊಳಗಿನ ಜಾಯಿಂಟ್ ಮೇಲೆ ಬೀಳುತ್ತದೆ. ನಮ್ಮಲ್ಲಿ ಪಾಯದ ಮಟ್ಟದಲ್ಲಿದ್ದ ಎಲ್ಬೊ ಸೀಳಿತ್ತು. ಹೊರಗೆ ಹೊಸ ನಲ್ಲಿ ಫಳಫಳ ಹೊಳೆಯುತ್ತಿತ್ತು, ಒಳಗೆ ನೀರು ಹಗಲೂ ರಾತ್ರಿ ಮಣ್ಣಿಗೂ ಗೋಡೆಗೂ ಇಳಿಯುತ್ತಿತ್ತು.

ಸೂಚನೆಗಳು ಬಂದಿದ್ದವು. ಒಂದೊಂದಕ್ಕೂ ನಾವೇ ಒಂದೊಂದು ಕಾರಣ ಕೊಟ್ಟುಕೊಂಡೆವು. ಎರಡು ದಿನಕ್ಕೊಮ್ಮೆ ತುಂಬಿಸುತ್ತಿದ್ದ ಸಾವಿರ ಲೀಟರ್ ಟ್ಯಾಂಕ್ ಮಾರ್ಚ್‌ನಲ್ಲಿ ದಿನಕ್ಕೊಮ್ಮೆ ಖಾಲಿಯಾಗತೊಡಗಿತು. ಬೇಸಿಗೆ ಅಂದುಕೊಂಡೆವು. ಗೃಹಜ್ಯೋತಿ ಶುರುವಾದ ಮೇಲೆ ನಮಗೆ ಕರೆಂಟ್ ಬಿಲ್ ಸೊನ್ನೆ ಬರುತ್ತಿತ್ತು. ಆ ತಿಂಗಳು ಅರ್ಹತೆಯ ಯೂನಿಟ್ ದಾಟಿ ಹೆಚ್ಚುವರಿ ಯೂನಿಟ್‌ಗೆ ಹಣ ಬಂತು. ಫ್ಯಾನ್ ಜಾಸ್ತಿ ಓಡಿರಬೇಕು ಅಂದುಕೊಂಡೆವು. ಮೋಟರ್ ಎರಡರಷ್ಟು ಹೊತ್ತು ಓಡುತ್ತಿದೆ ಅಂತ ಹೊಳೆಯಲೇ ಇಲ್ಲ. ಅಮ್ಮನ ಕೋಣೆಯ ಗೋಡೆಯಲ್ಲಿ ನೆಲದಿಂದ ಒಂದು ಮೊಳದಷ್ಟು ಎತ್ತರಕ್ಕೆ ಬಣ್ಣ ಗುಳ್ಳೆ ಎದ್ದಿತು, ಬೆರಳಲ್ಲಿ ಒತ್ತಿದರೆ ಉಪ್ಪಿನಂಥ ಬಿಳಿ ಪುಡಿ ಉದುರುತ್ತಿತ್ತು. ಮಳೆಯಿಲ್ಲದ ಏಪ್ರಿಲ್‌ನಲ್ಲಿ ಗೋಡೆ ತೇವವಾಗಿದ್ದರೆ ಅದು ಪೈಪಿನ ನೀರಲ್ಲದೆ ಇನ್ನೇನು? ಈಗ ಬರೆಯುವಾಗ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆಗ ಪೇಂಟ್ ಅಂಗಡಿಯವರು ಹೇಳಿದ ವಾಟರ್‌ಪ್ರೂಫ್ ಬಣ್ಣದ ದರ ವಿಚಾರಿಸುತ್ತಿದ್ದೆ.

ಆಮೇಲೆ ಕರೆಂಟ್ ಬೋರ್ಡಿನ ಆರ್‌ಸಿಸಿಬಿ ಸ್ವಿಚ್ ತಾನಾಗಿ ಆಫ್ ಆಗಿ ಬೀಳಲು ಶುರುವಾಯಿತು. ಇದು ತುಂಬಾ ಮುಖ್ಯ, ಸ್ವಲ್ಪ ನಿಂತು ಓದಿ. ಫೇಸ್‌ನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯಾ ಅಂತ ಈ ಸಾಧನ ಸದಾ ತೂಗಿ ನೋಡುತ್ತಿರುತ್ತದೆ. ಎಲ್ಲೋ ಸೋರಿ ಭೂಮಿಗೆ ಹೋಗುತ್ತಿದ್ದರೆ ಲೈನ್ ಕಡಿಯುತ್ತದೆ. ಮನೆಗಳಲ್ಲಿ ಜೀವ ಉಳಿಸಲೆಂದು ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿದರೆ ಕಡಿಯುವಂಥದು. ಎಂಸಿಬಿ ಈ ಕೆಲಸ ಮಾಡುವುದಿಲ್ಲ, ಅದು ನೋಡುವುದು ಲೋಡ್ ಜಾಸ್ತಿ ಆಯಿತಾ, ಶಾರ್ಟ್ ಆಯಿತಾ ಅಂತ ಮಾತ್ರ. ಅಂದರೆ ನಮ್ಮ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತಾ ಎಲ್ಲೋ ಕರೆಂಟು ಸೋರುತ್ತಿದೆ ಅಂತ ಕೂಗಿ ಹೇಳುತ್ತಿತ್ತು. ಗೋಡೆಗೆ ಇಳಿದ ನೀರು ಒಳಗಿನ ವೈರಿಂಗ್‌ವರೆಗೂ ತಲುಪಿತ್ತು.

ನೋಡಲು ಬಂದ ಎಲೆಕ್ಟ್ರಿಷಿಯನ್ "ಇದು ಹಾಳಾಗಿದೆ, ಸದ್ಯಕ್ಕೆ ಡೈರೆಕ್ಟ್ ಕೊಟ್ಟಿರ್ತೀನಿ, ಹೊಸದು ತಂದು ಹಾಕ್ತೀನಿ" ಅಂದ. ಬಿಸಿಲಿನ ಧಗೆ, ಗಂಟೆಗೊಮ್ಮೆ ಕರೆಂಟ್ ಹೋಗಿ ಸಾಕಾಗಿತ್ತು. ಡೈರೆಕ್ಟ್ ಅಂದರೆ ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಲೈನ್ ಕೊಡುವುದು. ಆಯ್ತು ಅಂದವಳು ನಾನೇ. ಈ ಇಡೀ ಕಥೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಮೂರನೇ ದಿನ ಬೆಳಗಿನ ಜಾವ ಅಮ್ಮ ಎದ್ದು, ಯಾವತ್ತಿನಂತೆ ಗೋಡೆಗೆ ಕೈಕೊಟ್ಟು ಮಂಚದಿಂದ ಇಳಿದಿದ್ದಾರೆ. ಬರಿಗಾಲು, ಕೆಳಗೆ ತಣ್ಣನೆಯ ರೆಡ್ ಆಕ್ಸೈಡ್ ನೆಲ. ಅವರು ಕಿರುಚಿದ್ದು ಕೇಳಿ ಓಡಿದೆ. ಮಂಚದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. "ಗೋಡೆ ಜುಮ್ ಅಂತು ಕಣೇ, ಯಾರೋ ಕೈ ಹಿಡಿದು ಎಳೆದ ಹಾಗಾಯ್ತು" ಅಂದರು. ಅಮ್ಮನಿಗೆ 74 ವರ್ಷ. ಮೇನ್ ಆಫ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ಮಾಡಿದರು, ಸರಿಯಾಗಿತ್ತು. ಕೈ ಹಿಂದಕ್ಕೆ ಬಂತು, ಅದೇ ಪುಣ್ಯ.

ಆ ದಿನ ಪಕ್ಕದ ಮನೆ ಅಂಕಲ್ ನಂಜನಗೂಡು ಕಡೆಯ ಒಬ್ಬ ಹಿರಿಯ ಪ್ಲಂಬರ್‌ನನ್ನು ಕರೆತಂದರು. ಅವರು ಬಂದವರೇ ಸುತ್ತಿಗೆ ಎತ್ತಲಿಲ್ಲ. ಒಂದು ಉದ್ದದ ಕೋಲು ಕೇಳಿದರು. ರಾತ್ರಿ ಹತ್ತಕ್ಕೆ ಎಲ್ಲಾ ನಲ್ಲಿ ನಿಲ್ಲಿಸಿ, ಕೋಲನ್ನು ಟ್ಯಾಂಕಿನ ತಳಕ್ಕೆ ತಾಗಿಸಿ, ನೀರು ಮುಟ್ಟಿದ ಕಡೆ ಗುರುತು ಹಾಕಿ, ಬೆಳಿಗ್ಗೆ ಐದಕ್ಕೆ ಮತ್ತೆ ಅಳೆಯಿರಿ ಅಂದರು. ಅಳೆದರೆ ಒಂದು ಗೇಣು ಇಳಿದಿತ್ತು. ಯಾರೂ ಒಂದು ಲೋಟ ನೀರು ಮುಟ್ಟಿಲ್ಲದ ರಾತ್ರಿ ಅದು. ಮರುರಾತ್ರಿ ಹಿತ್ತಲಿನ ಲೈನಿನ ವಾಲ್ವ್ ಮಾತ್ರ ಮುಚ್ಚಿ ಅಳೆಯಬೇಕಿತ್ತು. ಹಳೇ ಗೇಟ್ ವಾಲ್ವ್ ತುಕ್ಕು ಹಿಡಿದು ತಿರುಗಲೇ ಇಲ್ಲ. ಅದನ್ನು ತೆಗೆದು ಬಾಲ್ ವಾಲ್ವ್ ಹಾಕಲು ಇನ್ನೊಂದು ದಿನ ಹಿಡಿಯಿತು. ಹಾಕಿ ಮುಚ್ಚಿದ ರಾತ್ರಿ ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಲ್ಲಿಗೆ ಕಳ್ಳ ಸಿಕ್ಕಿದ. ಟ್ಯಾಂಕ್ ಇಲ್ಲದೆ ನೇರ ಕಾರ್ಪೊರೇಷನ್ ಲೈನಿನ ನಲ್ಲಿಯಾದರೆ, ನೀರು ಬಿಡುವ ಹೊತ್ತಿನಲ್ಲಿ ಎಲ್ಲಾ ನಲ್ಲಿ ಮುಚ್ಚಿ ಮೀಟರ್ ನೋಡಿದರೆ ಇದೇ ಗೊತ್ತಾಗುತ್ತದೆ: ಮುಳ್ಳು ಅಥವಾ ಪುಟ್ಟ ಚಕ್ರ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ.

ನಲ್ಲಿ ಬುಡ ಅಗೆದಾಗ ಎರಡಡಿ ಆಳದವರೆಗೂ ಮಣ್ಣು ಅಂಟು ಮುದ್ದೆಯಾಗಿತ್ತು. ಸೀಳಿದ ಎಲ್ಬೊವನ್ನು ಅವರು ನನ್ನ ಕೈಗೆ ಕೊಟ್ಟರು. ಬಿರುಕು ಒಂದು ಉಗುರಿನಷ್ಟು ಉದ್ದ, ಕಾಗದ ತೂರುವಷ್ಟು ಅಗಲ.

ಹೊಟ್ಟೆಗೆ ಬೆಂಕಿ ಬಿದ್ದಂತಾದದ್ದು ಅದಾದ ಮೇಲೆ. ಬಿಸಾಡದೆ ಇಟ್ಟಿದ್ದ ಹಳೇ ನಲ್ಲಿಯನ್ನು ಅವರಿಗೆ ತೋರಿಸಿದೆ. ಸ್ಪ್ಯಾನರ್‌ನಿಂದ ಮೇಲ್ಭಾಗ ಬಿಚ್ಚಿ, ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿಯನ್ನು (ಸ್ಪಿಂಡಲ್) ಎತ್ತಿದರು. ತುದಿಯಲ್ಲಿದ್ದ ರಬ್ಬರ್ ವಾಷರ್ ಗಟ್ಟಿಯಾಗಿ ನಡುವೆ ಉಂಗುರದ ಹಾಗೆ ಹಳ್ಳ ಬಿದ್ದಿತ್ತು. "ಇದೊಂದ್ ಬದಲಾಯ್ಸಿದ್ರೆ ಸಾಕಿತ್ತಲ್ಲಮ್ಮ" ಅಂದರು. ಹತ್ತು ರೂಪಾಯಿಯ ವಾಷರ್. ನಲ್ಲಿಯನ್ನು ಗೋಡೆಯಿಂದ ಬಿಚ್ಚುವ ಅಗತ್ಯವೇ ಇರಲಿಲ್ಲ.

ಹಾಗಾಗಿ ಪ್ಲಂಬರ್‌ಗೆ ಫೋನ್ ಮಾಡುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೀವೇ ನೋಡಿ. ಮುಚ್ಚಿದ ಮೇಲೂ ಬಾಯಿಂದ ತೊಟ್ಟಿಕ್ಕಿದರೆ ಬಹುಪಾಲು ವಾಷರ್ ಸವೆದಿರುತ್ತದೆ. ಕಾಲು ಸುತ್ತು ತಿರುಗಿಸಿದರೆ ನೀರು ನಿಲ್ಲುವ ಹೊಸ ಬಗೆಯ ನಲ್ಲಿಯಾದರೆ ಒಳಗಿನ ಕಾರ್ಟ್ರಿಡ್ಜ್ ಸವೆದಿರುತ್ತದೆ. ಬೋರ್ ನೀರಿನ ಸುಣ್ಣ ಕಟ್ಟಿ ವಾಷರ್ ಕೂರುವ ಸೀಟೇ ಸವೆದಿದ್ದರೆ ಮಾತ್ರ ಹೊಸ ವಾಷರ್‌ಗೂ ಹನಿ ನಿಲ್ಲುವುದಿಲ್ಲ. ತಿರುಗಿಸಿ ನೀರು ಬಿಟ್ಟಾಗ ಮಾತ್ರ ಹಿಡಿಯ ಬುಡದಲ್ಲಿ ಒಸರಿದರೆ ಅದು ಗ್ಲ್ಯಾಂಡ್, ಅಂದರೆ ಸ್ಪಿಂಡಲ್ ಸುತ್ತ ನೀರು ತಡೆಯುವ ಭಾಗ. ಅಲ್ಲಿನ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ನಲ್ಲಿ ಗೋಡೆ ಸೇರುವಲ್ಲಿ ಒಸರಿದರೆ ಮಾತ್ರ ನಲ್ಲಿಯನ್ನೇ ಬಿಚ್ಚುವ ಮಾತು. ಎಲ್ಲಿಂದ ಅಂತ ಕಣ್ಣಿಗೆ ಕಾಣದಿದ್ದರೆ ಆ ಹಿರಿಯ ಪ್ಲಂಬರ್ ಮಾಡಿದ ಹಾಗೆ ಮಾಡಿ: ಬಟ್ಟೆಯಲ್ಲಿ ಒರೆಸಿ, ಜಾಯಿಂಟ್ ಸುತ್ತ ಒಣ ರಂಗೋಲಿ ಪುಡಿ ಉದುರಿಸಿ ಐದು ನಿಮಿಷ ಕಾಯಿರಿ. ನೀರು ಹೊರಡುವ ಜಾಗದಲ್ಲಿ ಮೊದಲು ಕಪ್ಪು ಚುಕ್ಕೆ ಬೀಳುತ್ತದೆ.

ಬಿಚ್ಚಲೇಬೇಕಾದರೆ, ಗೋಡೆಯ ಗಾರೆ ಕೆತ್ತಿ ಎಲ್ಬೊ ಕಾಣುವಂತೆ ಮಾಡಿ, ಒಂದು ರೆಂಚಿನಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ನಲ್ಲಿ ತಿರುಗಿಸಲು ಹೇಳಿ. ಗೋಡೆ ಹಾಳಾಗುತ್ತೆ ಅಂತ ಬೇಡ ಅನ್ನಬೇಡಿ, ಆ ತೇಪೆಯ ಖರ್ಚು ಏನೂ ಅಲ್ಲ. ನಮಗೆ ಅಗೆತ, ಯುಪಿವಿಸಿ (ಪ್ಲಾಸ್ಟಿಕ್ ಪೈಪಿನ) ಲೈನ್, ವೈರಿಂಗ್, ಗಾರೆ ಎಲ್ಲಾ ಸೇರಿ 23,000 ದಾಟಿತು. ಹೊಸ ಲೈನಿನಲ್ಲಿ ನಲ್ಲಿ ಕೂರುವ ಕಡೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೊ ಹಾಕಿಸಿದ್ದೇವೆ. ಬರೀ ಪ್ಲಾಸ್ಟಿಕ್ ಥ್ರೆಡ್‌ಗೆ ಲೋಹದ ನಲ್ಲಿ ಬಿಗಿದರೆ ಅದೂ ಸೀಳುತ್ತದೆ.

ಇನ್ನು ಆರ್‌ಸಿಸಿಬಿ. ಬೀಳುತ್ತಿದ್ದರೆ ಯಾಕೆ ಬೀಳುತ್ತಿದೆ ಅಂತ ಹುಡುಕಿಸಿ. ಯಾರು ಎಷ್ಟೇ ಧೈರ್ಯ ಹೇಳಿದರೂ ಒಂದು ಗಂಟೆಯ ಮಟ್ಟಿಗೂ ಡೈರೆಕ್ಟ್ ಕೊಡಿಸಬೇಡಿ. ತೇವದ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದ್ದರೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಬೇಡಿ, ಮೊದಲು ಮೇನ್ ಆಫ್ ಮಾಡಿ. ನಮ್ಮ ಹಳೇ ಆರ್‌ಸಿಸಿಬಿಯನ್ನು ಆಮೇಲೆ ಪರೀಕ್ಷಿಸಿದಾಗ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಈಗ ಅದೇ ವಾಪಸ್ ಕೂತಿದೆ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡುತ್ತೇನೆ.

ಗೋಡೆ ಪೂರ್ತಿ ಒಣಗುವವರೆಗೆ ಪುಟ್ಟಿ, ಬಣ್ಣ ಏನೂ ಬೇಡ ಅಂದಿದ್ದಾರೆ, ಬಳಿದರೆ ತೇವ ಒಳಗೇ ಉಳಿಯುತ್ತದಂತೆ. ಹಾಗಾಗಿ ಕೆತ್ತಿದ ಇಟ್ಟಿಗೆ ಹಾಗೇ ಕಾಣುತ್ತಿದೆ. ಅಮ್ಮನ ಮಂಚವನ್ನು ಆಚೆ ಬದಿಗೆ ಸರಿಸಿದ್ದೇವೆ. ರಾತ್ರಿ ಏಳುವಾಗ ಹಿಡಿದುಕೊಳ್ಳಲು ಒಂದು ಮರದ ಕುರ್ಚಿ ಇಟ್ಟಿದ್ದೇನೆ. ಗೋಡೆಗೆ ಕೈ ಕೊಡಲು ಅವರು ಇನ್ನೂ ಒಪ್ಪುತ್ತಿಲ್ಲ.